ರಥಕ್ಕೆ ಕಟ್ಟಿದ ಮೆಣಸಿನಕಾಯಿ

ನಾನು ಬಾಯಿ ಬಿಟ್ಟಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಮೂವತ್ತು ವರ್ಷ ಮುಂಬೈ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ಬಾಯಿ ಮುಚ್ಚಿಕೊಂಡಿರೋದು ಹೇಗೆ ಸ್ವಾಮಿ? ರಿಟೈರ್ ಆದಮೇಲೆ ಗೋರೆಗಾಂವ್‌ನಲ್ಲಿ ಪುರಾತನ ಯುದ್ಧದ ಸಿನಿಮಾವೊಂದಕ್ಕೆ ಸಲಹೆಗಾರನಾಗಿ ಕರೆದರು. ಸಂಬಳ ಅಷ್ಟಕ್ಕಷ್ಟೇ, ಆದರೆ ಪರದೆ ಮೇಲೆ ಹೆಸರು ಬರುತ್ತೆ ಅಂದರು. ಹೆಂಡತಿ ಆ ಸಂಜೆಯೇ ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿಗೆಲ್ಲ ಡಂಗುರ ಹೊಡೆದಳು. ಡೈರೆಕ್ಟರ್ ಮಾತ್ರ ಮೊದಲೇ ಎಚ್ಚರಿಸಿದ್ದರು: "ಸರ್, ತಪ್ಪು ಹೇಳಿ, ತಿದ್ದೋಣ. ನಿಮ್ಮಿಂದ ಶೂಟಿಂಗ್ ನಿಂತರೆ ಹೆಸರು ಕಟ್."

ಕುದುರೆ

ಮೊದಲ ದಿನವೇ ನೋಡುತ್ತೇನೆ, ಹೀರೋ ರಿಕಾಪಿನಲ್ಲಿ ಕಾಲಿಟ್ಟು ಕುದುರೆ ಹತ್ತುತ್ತಿದ್ದಾನೆ.

"ಆ ಕಾಲದಲ್ಲಿ ಕಾಲಿಡೋಕೆ ಕಬ್ಬಿಣದ ರಿಕಾಪು ಎಲ್ಲಿತ್ತು? ತೆಗೆಸಿ," ಅಂದೆ.

ತೆಗೆಸಿದರು. ಹೀರೋ ಹಾರಿದ. ಈ ಕಡೆಯಿಂದ ಹತ್ತಿ ಆ ಕಡೆ ಬಿದ್ದ. ಮತ್ತೆ ಆ ಕಡೆಯಿಂದ ಹತ್ತಿ ಈ ಕಡೆ ಬಿದ್ದ. ಕುದುರೆ ಪಾಪ, ಕತ್ತು ತಿರುಗಿಸಿ ನನ್ನನ್ನೇ ನೋಡಿತು. ಡೈರೆಕ್ಟರ್ ತಲೆ ಚಚ್ಚಿಕೊಂಡು, "ಮಹಾರಾಜರಿಗೆ ರಥ ತನ್ನಿ," ಅಂದರು.

ಊಟ

ರಾಜನ ಊಟದ ದೃಶ್ಯ. ಬಂಗಾರದ ತಟ್ಟೆಯಲ್ಲಿ ಆಲೂಗಡ್ಡೆ ಪಲ್ಯ, ಟೊಮೇಟೊ ಸಾರು, ಪಕ್ಕದಲ್ಲಿ ಹಸಿಮೆಣಸಿನಕಾಯಿ!

"ಅಯ್ಯೋ ದೇವರೇ! ಇವೆಲ್ಲ ಪೋರ್ಚುಗೀಸರ ಹಡಗು ಬಂದಮೇಲೆ ನಮ್ಮ ದೇಶಕ್ಕೆ ಬಂದಿದ್ದು," ಅಂತ ಒಂದೊಂದಾಗಿ ಎತ್ತಿಸಿದೆ. ಕೊನೆಗೆ ಅನ್ನ, ಬದನೆಕಾಯಿ, ಕರಿಮೆಣಸು ಉಳಿಯಿತು.

ಹೀರೋ ಒಂದು ತುತ್ತು ತಿಂದು ಮುಖ ಕಿವುಚಿದ. "ಸರ್, ನಮ್ಮ ಪೂರ್ವಜರು ಯಾಕೆ ಅಷ್ಟೊಂದು ಯುದ್ಧ ಮಾಡ್ತಿದ್ರು ಅಂತ ಈಗ ಗೊತ್ತಾಯ್ತು," ಅಂದ.

ರಥ

ರಥ ನೋಡಿಕೊಳ್ಳುತ್ತಿದ್ದವರು ವಿಜಯಪುರದ ಕಡೆಯ ಚಾಚಾ. ರಥದ ಮುಂದೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ತೂಗುಬಿಟ್ಟಿದ್ದರು. ಮುಂಬೈಯಲ್ಲಿ ರಿಕ್ಷಾ, ಅಂಗಡಿ, ಟೆಂಪೋ ಎಲ್ಲಕ್ಕೂ ಶನಿವಾರ ಕಟ್ಟುತ್ತಾರಲ್ಲ, ಅದೇ.

"ಚಾಚಾ, ಮೆಣಸಿನಕಾಯಿ ಬಿಚ್ಚಿ. ಆಗ ಅದು ನಮ್ಮ ದೇಶದಲ್ಲೇ ಇರಲಿಲ್ಲ."

"ಮೆಣಸಿನಕಾಯಿ ಇರಲಿಕ್ಕಿಲ್ರಿ ಸಾಹೇಬ್ರ, ಕೆಟ್ಟ ಕಣ್ಣು ಇತ್ತಲ್ರಿ? ಗಾಲಿ ಕಳಚಿದ್ರ ನನ್ನ ಕೇಳಬ್ಯಾಡ್ರಿ."

ನಾನೇ ಕೈಯಾರೆ ಬಿಚ್ಚಿದೆ. ರಥ ಹತ್ತು ಹೆಜ್ಜೆ ಹೋಗಿರಲಿಲ್ಲ, ಗಾಲಿ ಕಳಚಿ ತನ್ನ ಪಾಡಿಗೆ ಶತ್ರುಸೈನ್ಯದ ಕಡೆ ಉರುಳಿತು. ಸೈನ್ಯ ದಿಕ್ಕಾಪಾಲಾಗಿ ಓಡಿತು. ಮಹಾರಾಜರು ಹುಲ್ಲಿನ ರಾಶಿ ಮೇಲೆ ಬಿದ್ದದ್ದರಿಂದ ಬಚಾವಾದರು. ಶೂಟಿಂಗ್ ಬಂದ್!

ಹೆಸರು ಹೋದರೆ ಹೆಂಡತಿಗೆ, ಆ ಬಿಲ್ಡಿಂಗಿಗೆ ಹೇಗಪ್ಪಾ ಮುಖ ತೋರಿಸಲಿ?

"ಇನ್ನೊಂದು ಅವಕಾಶ ಕೊಡ್ತೀನಿ. ಮೆಣಸಿನಕಾಯಿ ಸುದ್ದಿ ಮಾತ್ರ ಎತ್ತಬೇಡಿ," ಅಂದರು ಡೈರೆಕ್ಟರ್.

ಮಾರನೇ ದಿನ ರಥಕ್ಕೆ ಮಾತ್ರವಲ್ಲ, ಆನೆಗೆ, ಸಿಂಹಾಸನಕ್ಕೆ, ಕೋಟೆಯ ಬಾಗಿಲಿಗೂ ಮೆಣಸಿನಕಾಯಿ ತೂಗುತ್ತಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಚಾಚಾ ಕೇಳಿದರು, "ಸಾಹೇಬ್ರ, ನಿಮ್ಮ ಕುರ್ಚಿಗೂ ಒಂದು ಕಟ್ಟಲೇನ್ರಿ?"

ಹೆಸರು

ಸಿನಿಮಾ ಬಂತು. ಇಡೀ ಬಿಲ್ಡಿಂಗನ್ನೇ ಹೆಂಡತಿ ಥಿಯೇಟರಿಗೆ ಹೊರಡಿಸಿದಳು. ಪರದೆ ಮೇಲೆ ನನ್ನ ಹೆಸರು ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಸುಳ್ಳೇಕೆ, ನನ್ನ ಕಣ್ಣು ಒದ್ದೆಯಾಯಿತು. ಆದರೆ ಹೆಸರು ಮಾಯವಾದ ಕೂಡಲೇ ಪರದೆ ತುಂಬ ಬಂದದ್ದು ಅದೇ ನಿಂಬೆಹಣ್ಣು, ಅದೇ ಮೆಣಸಿನಕಾಯಿ. ಸೀಟಿನಲ್ಲೇ ಕುಗ್ಗಿಹೋದೆ.

ಹೊರಗೆ ಬಂದಮೇಲೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ನನ್ನ ಕೈ ಹಿಡಿದು ಕುಲುಕಿದರು. "ಮಾಸ್ತರ್, ಕುದುರೆ ಹತ್ತದ ರಾಜ, ಖಾರ ಇಲ್ಲದ ಊಟ, ಎಲ್ಲ ಬರೀ ಬೋಗಸ್. ಆದರೆ ಆ ನಿಂಬೆಹಣ್ಣು-ಮೆಣಸಿನಕಾಯಿ! ಅದೊಂದೇ ನೋಡಿ ಅಸಲಿ ಇತಿಹಾಸ. ನೀವೇ ಹಾಕಿಸಿದ್ದು ತಾನೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, "ಮತ್ತೆ? ಇವರಲ್ಲದೆ ಇನ್ಯಾರು!" ಅಂದಳು.

ಬೆಳಿಗ್ಗೆ ಹಾಲು ತಗೊಳ್ಳೋಕೆ ಬಾಗಿಲು ತೆಗೆದರೆ ಹಣೆಗೆ ಏನೋ ತಾಗಿತು. ನಿಂಬೆಹಣ್ಣು, ಏಳು ಮೆಣಸಿನಕಾಯಿ.

"ಇದೇನೇ ಇದು?"

"ಸುಮ್ನಿರಿ, ಬಿಚ್ಚಬೇಡಿ," ಒಳಗಿನಿಂದ ಹೆಂಡತಿ ಕೂಗಿದಳು. "ಇಡೀ ಬಿಲ್ಡಿಂಗೇ ನಿಮ್ಮ ಇತಿಹಾಸ ಜ್ಞಾನ ಹೊಗಳಿದೆ ಕಣ್ರೀ, ದೃಷ್ಟಿ ತಾಗುತ್ತೆ!"