ಕಲಬತ್ತಿನಲ್ಲಿ ಕುಟ್ಟಿದ ನ್ಯಾನೋ ಪುಡಿ

ಒಂದೇ ಪುಡಿಯಲ್ಲಿ ಅಯಸ್ಕಾಂತದ ಗುಣವೂ ಇರಬೇಕು, ವಿದ್ಯುತ್ತಿನ ಗುಣವೂ ಇರಬೇಕು. ಕಣಗಳು ಮಾತ್ರ ಕೂದಲೆಳೆಗಿಂತ ಸಾವಿರ ಪಾಲು ಸಣ್ಣವಿರಬೇಕು. ಇದೇನು ಮಹಾ ಕಷ್ಟ ಎಂದುಕೊಂಡು ಪಿಎಚ್‌ಡಿಗೆ ಹೆಸರು ಹಚ್ಚಿದೆ. ಏಳು ವರ್ಷವಾಯಿತು! ಪುಡಿ ಬರುತ್ತಿತ್ತು, ಗುಣ ಬರುತ್ತಿರಲಿಲ್ಲ. ಅಯಸ್ಕಾಂತ ಹಿಡಿದರೆ ನನ್ನ ಪುಡಿ ಮಗ್ಗುಲು ಕೂಡ ಬದಲಿಸುತ್ತಿರಲಿಲ್ಲ.

ವಿಶ್ವವಿದ್ಯಾಲಯದಿಂದ 'ಇದೇ ಕೊನೆಯ ಅವಕಾಶ' ಎಂಬ ಪತ್ರ ಬಂತು. ಭಾನುವಾರ ಮಾರ್ಗದರ್ಶಕರು ಬೆಟಗೇರಿಯ ನಮ್ಮ ಮನೆಗೇ ಬಂದು, ಪುಡಿ ನೋಡಿ, ಪ್ರಬಂಧಕ್ಕೆ ಸಹಿ ಹಾಕುವುದೆಂದು ನಿಶ್ಚಯವಾಯಿತು. ಶನಿವಾರ ಮಧ್ಯಾಹ್ನ ಕಾಲೇಜಿನ ಭಟ್ಟಿ ತೆಗೆದರೆ ಪುಡಿಯಲ್ಲ, ಗಟ್ಟಿ ಹೆಂಟೆ! ಅರೆಯುವ ಕಲ್ಲಿನ ಬಟ್ಟಲು ಕಪಾಟಿನೊಳಗೆ. ಕಪಾಟಿನ ಕೀಲಿಯವರು ಹುಲಕೋಟಿಯಲ್ಲಿ ಮದುವೆ ಊಟಕ್ಕೆ. ಹೆಂಟೆ ಕಟ್ಟಿಕೊಂಡು ಮನೆಗೆ ಬಂದೆ. ಅಡುಗೆಮನೆಯಲ್ಲಿ ಹೆಂಡತಿಯ ಕಬ್ಬಿಣದ ಕಲಬತ್ತು ಕಣ್ಣಿಗೆ ಬಿತ್ತು.

"ಗಿರಿಜಾ, ಇದನ್ನ ಒಂದ್ ತಾಸು ಕೊಡ್ತೀಯೇನ?"

"ನಮ್ಮವ್ವ ಕೊಟ್ಟಿದ್ದರೀ ಅದು. ಚಟ್ನಿ ಕುಟ್ಟಾಕ ಐತಿ, ನಿಮ್ಮ ಮದ್ದು ಕುಟ್ಟಾಕಲ್ಲ."

"ಪಿಎಚ್‌ಡಿ ಪ್ರಶ್ನೆ ಐತಿ!"

"ಒಯ್ರಿ. ಆದ್ರ ನನಗ ಹೊಸಾದು ಬರಬೇಕ್ ಮತ್ತ."

ಓಣಿಯ ಮಗ್ಗಗಳ ಸದ್ದೇ ಅಡಗುವಂತೆ ಕುಟ್ಟಿದೆ. ಆಮೇಲೆ ಅಯಸ್ಕಾಂತ ಹಿಡಿದರೆ, ಪುಡಿ ಟಣ್ಣನೆ ಜಿಗಿದು ಅಂಟಿಕೊಂಡಿತು! ನಾನೂ ಜಿಗಿದೆ. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಓಣಿಗೆಲ್ಲ ಫೇಡೆ ಹಂಚಿಬಿಟ್ಟೆ.

ಭಾನುವಾರ ಮಾರ್ಗದರ್ಶಕರು ಪುಡಿಗೆ ಅಯಸ್ಕಾಂತ ಹಿಡಿದು ನೋಡಿದ್ದೇ ಜೇಬಿನಿಂದ ಪೆನ್ನು ತೆಗೆದರು. ಪೆನ್ನು ಕಾಗದಕ್ಕೆ ತಾಗುವ ಮುನ್ನ ನಿಂತಿತು.

"ಛಲೋ ಐತಿ. ಆದ್ರ ಇದು ಇಷ್ಟ್ ಜೋರು ಎಳೀಬಾರದಲ್ಲ? ಯಾವುದರಾಗ ಅರದ್ರಿ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ರೊಟ್ಟಿ ತಂದಿಡುತ್ತಿದ್ದ ಗಿರಿಜಾ ಹೇಳಿಯೇಬಿಟ್ಟಳು.

"ನಮ್ಮ ಕಬ್ಬಿಣದ ಕಲಬತ್ತಿನಾಗರೀ ಸರ. ಹೋದ ವಾರ ಈ ಶೇಂಗಾ ಚಟ್ನಿನೂ ಅದರಾಗ ಕುಟ್ಟಿದ್ದೆ."

ಮಾರ್ಗದರ್ಶಕರು ಬೇರೊಂದು ಅಯಸ್ಕಾಂತಕ್ಕೆ ಕಾಗದ ಸುತ್ತಿ ಚಟ್ನಿಯ ಮೇಲೆ ಆಡಿಸಿದರು. ಕಲಬತ್ತಿನಿಂದ ಸವೆದ ಕಬ್ಬಿಣದ ಕರಿ ಕಣಗಳು ಬಂದು ಅಂಟಿದವು! ಏಳು ವರ್ಷದಲ್ಲಿ ನನ್ನಿಂದಾಗದ ಸಂಶೋಧನೆಯನ್ನು ಶೇಂಗಾ ಚಟ್ನಿ ಒಂದು ವಾರ ಮೊದಲೇ ಮುಗಿಸಿತ್ತು.

"ವಿದ್ಯುತ್ತಿನ ಗುಣ ಐತಿ ಸರ..." ಎಂದು ತೊದಲಿದೆ.

"ಕಬ್ಬಿಣ ಬೆರೆತ್ರ ಕರೆಂಟ್ ಎಲ್ಲಾ ಸೋರಿ ಹೋಗತೈತಿ. ಗಡುವಿಗೆ ಇನ್ನ ಹದಿನೈದು ದಿನ ಐತಿ, ಮೊದಲಿಂದ ಮಾಡ್ರಿ."

ಪೆನ್ನು ಜೇಬಿಗೆ ಮರಳಿತು. ಹೊರಡುವಾಗ ಅವರು ಗಿರಿಜಾಳತ್ತ ತಿರುಗಿದರು.

"ಆ ಚಟ್ನಿ ಒಂದ್ ಡಬ್ಬಿ ಕಟ್ಟಿ ಕೊಡವ್ವಾ. ಕಬ್ಬಿಣ ರಕ್ತಕ್ಕ ಛಲೋ."

ಚಟ್ನಿ ಹೋಯಿತು, ನನ್ನ ಪುಡಿ ಮೇಜಿನ ಮೇಲೇ ಉಳಿಯಿತು. ಫೇಡೆ ಯಾತಕ್ಕೆಂದು ಓಣಿಯವರು ಈಗಲೂ ಕೇಳುತ್ತಾರೆ. ಮನೆಗೆ ಹೊಸ ಕಲಬತ್ತು ಬಂತೆಂದು ಹೇಳುತ್ತಿದ್ದೇನೆ!