ಸೊನ್ನೆ ಹಿಡಿದ ಕಾಕಾ

ಜಗತ್ತಿನ ಎತ್ತರದ ಕಟ್ಟಡಗಳ ವಿಷಯದಲ್ಲಿ ನಮ್ಮ ಕಾಕಾ ಬೈಲಹೊಂಗಲ ತಾಲೂಕಿಗೇ ದೊಡ್ಡ ತಜ್ಞ ಎಂದರೆ ನೀವು ನಗುತ್ತೀರಿ. ನಗಬೇಡಿ. ತಾಲೂಕಿನಲ್ಲಿ ಎರಡನೆಯ ತಜ್ಞ ಇರಲಿಲ್ಲ! ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ: ಈ ತಜ್ಞ ತನ್ನ ಸ್ವಂತ ಮನೆಯ ಮಾಳಿಗೆಯನ್ನು ಒಮ್ಮೆಯೂ ಹತ್ತಿದವನಲ್ಲ. ಎತ್ತರ ಎಂದರೆ ಅವನ ಕಾಲುಗಳು ನಡುಗುತ್ತಿದ್ದವು. ಸವದತ್ತಿ ಗುಡ್ಡ ಏರುವ ಬಸ್ಸಿನಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿ ನಿಲ್ಲುತ್ತಿದ್ದ. ಭಕ್ತಿ ಎಂದು ತಿಳಿದ ಜನ ಎದ್ದು ಸೀಟು ಕೊಡುತ್ತಿದ್ದರು!

ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಗವಂಡಿ ಕೆಲಸಕ್ಕೆ ಬಿದ್ದವನು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಕಟ್ಟಿದ ಗೋಡೆಗಳಲ್ಲಿ ಬಿರುಕು ಬಿಟ್ಟದ್ದು ಒಂದನ್ನು ತೋರಿಸಿ, ನಾಳೆಯೇ ಕೆಲಸ ಬಿಡುತ್ತೇನೆ. ಕಾಕಾ ಮಾತ್ರ ಮ್ಯಾಟ್ರಿಕ್ ಪಾಸಾಗಿ ನವಿಲುತೀರ್ಥದ ಅಣೆಕಟ್ಟಿನ ಸ್ಟೋರಿನಲ್ಲಿ ನೌಕರಿಗಿದ್ದ. ತೊಂಬತ್ತರ ದಶಕದ ಶುರುವಿಗೆ, ಅಣೆಕಟ್ಟು ನೋಡಲು ಬಂದ ಯಾರೋ ಎಂಜಿನಿಯರು ಒಂದು ಇಂಗ್ಲಿಷ್ ಪತ್ರಿಕೆಯನ್ನು ಅಲ್ಲಿ ಮರೆತು ಹೋದರು. ಎತ್ತರದ ಕಟ್ಟಡಗಳ ವಿನ್ಯಾಸ ಮಾಡುವವರದೇ ಒಂದು ಅಂತರರಾಷ್ಟ್ರೀಯ ಸಂಘವಿದೆ, ಆಸಕ್ತಿ ಇದ್ದವರು ಬರೆಯಬಹುದು ಎಂದು ಅದರಲ್ಲಿತ್ತು. ಕಾಕಾನಿಗೆ ಆಸಕ್ತಿ ಇತ್ತು. ಬರೆದ. ಅವರು ಉತ್ತರ ಕೊಟ್ಟರು. ತಪ್ಪು ಯಾರದು, ನೀವೇ ಹೇಳಿ!

ಅಲ್ಲಿಂದ ಸಂಘದ ಪತ್ರಿಕೆ ಮನೆಗೆ ಬರತೊಡಗಿತು. ಮಗು ಅಂಬೆಗಾಲಿಟ್ಟದ್ದು, ಹಲ್ಲು ಬಂದದ್ದು ಹೇಳುವಂತೆ ಕಾಕಾ ಸಂಘ ಬೆಳೆದದ್ದನ್ನು ಹೇಳುತ್ತಿದ್ದ. ಮೊದಲು ಅದರಲ್ಲಿ ಕಬ್ಬಿಣ, ಕಾಂಕ್ರೀಟಿನ ಲೆಕ್ಕ ಹಾಕುವ ಎಂಜಿನಿಯರುಗಳಷ್ಟೇ ಇದ್ದರಂತೆ. ಆಮೇಲೆ ನಕ್ಷೆ ಬರೆಯುವವರು ಸೇರಿದರು. ಪೂರ್ವದ ದೇಶಗಳಲ್ಲೂ ಗೋಪುರಗಳು ಎದ್ದ ಮೇಲೆ ಆ ಕಡೆಯವರೂ ಸೇರಿದರು.

“ಈ ವರ್ಷ ನಮ್ಮ ಸಂಘಕ್ಕ ಲಿಫ್ಟಿನವ್ರೂ ಬಂದ್ರು, ಗಾಜಿನವ್ರೂ ಬಂದ್ರು, ಬೆಂಕಿ ಆರಸವ್ರೂ ಬಂದ್ರು,” ಎಂದು ಕಾಕಾ ರೊಟ್ಟಿ ಮುರಿಯುತ್ತ ಹೇಳಿದ ಒಂದು ದಿನ.

“ಎಲ್ಲಾರೂ ಬಂದ್ರ,” ಎಂದಳು ಅವನ ಹೆಂಡತಿ, ನಮ್ಮ ಕಾಕು. “ಮಾಳಗಿ ಮ್ಯಾಲಿನ ಹಪ್ಪಳ ತರಾಕ ನೀವೊಬ್ರ ಬರವಲ್ರಿ ನೋಡ್ರಿ!”

ಕಾಕಾ ಅಷ್ಟಕ್ಕೇ ನಿಲ್ಲಲಿಲ್ಲ. ಸಂಘಕ್ಕೆ ಗೊತ್ತಿಲ್ಲದೆಯೇ ಅದರ ಮಲಪ್ರಭಾ ಶಾಖೆ ತೆಗೆದ! ಅಧ್ಯಕ್ಷ ತಾನು. ಉಪಾಧ್ಯಕ್ಷರು ರಾಮದುರ್ಗದ ಬೀಗರು, ಅವರ ಮಣ್ಣಿನ ಮಾಳಿಗೆಯ ಮನೆಯೊಳಗೆ ಕುತ್ತಿಗೆ ಬಗ್ಗಿಸದೆ ಹೋಗಲಾಗುವುದಿಲ್ಲ. ಉಳಿದ ಸದಸ್ಯರೆಲ್ಲ ನಾನು.

ಸಂಘ ಬೆಳೆದಂತೆ ಅದಕ್ಕೆ ನಿಯಮಗಳೂ ಬೇಕಾದವು. ಎತ್ತರದ ಕಟ್ಟಡ ಎಂದು ಯಾವುದಕ್ಕೆ ಅನ್ನಬೇಕು? ಇಷ್ಟೇ ಅಡಿ ಎಂದೇನಿಲ್ಲ, ಸುತ್ತಲಿನ ಊರಿನಲ್ಲಿ ಎದ್ದು ಕಾಣಬೇಕು, ಅಂಥವನ್ನು ಸಂಘ ತನ್ನ ಪಟ್ಟಿಗೆ ಸೇರಿಸುತ್ತದೆ ಎಂದು ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ದಿನ ಕಾಕಾ ಊಟ ಬಿಟ್ಟು ನಾನು ಕೆಲಸ ಮಾಡುತ್ತಿದ್ದ ಜಾಗಕ್ಕೆ ಓಡಿಬಂದ. ಪೇಟೆಯ ಅರಳೆ ವ್ಯಾಪಾರಿ ಸಾಹುಕಾರರ ಮನೆಯ ಮೇಲೆ ನಾನಾಗ ಮೂರನೆಯ ಅಂತಸ್ತು ಏರಿಸುತ್ತಿದ್ದೆ. ಸುತ್ತಲಿನ ಮನೆಗಳೆಲ್ಲ ಅದರ ಮೊಣಕಾಲಿಗೆ ಬರುತ್ತಿದ್ದವು.

“ತಮ್ಮಾ, ಸಾವಕಾರ್ರ ಮನಿ ಸಂಘದ ಯಾದಿಗೆ ಸೇರಬೇಕು,” ಎಂದ. “ಅದು ಸೇರಿದ್ರ ಬೈಲಹೊಂಗಲ ಸೇರಿದಂಗ. ಬೈಲಹೊಂಗಲ ಸೇರಿದ್ರ ನಾನೂ ಸೇರಿದಂಗ. ಇಷ್ಟು ವರ್ಷ ಬರೇ ಓದೀನಿ. ನನ್ನಿಂದ ಒಂದ ಕಟ್ಟಡ ಹೋಗಬೇಕಲ್ಲೋ.”

ಸಾಹುಕಾರರು ಕೇಳಿ ಹಿಗ್ಗಿದರು. “ಮ್ಯಾಲ ಆಂಟೆನಾ ಐತಲ್ಲ, ಅದನ್ನೂ ಹಿಡದ ಅಳೀರಿ ಕಾಕಾರ.”

“ಆಂಟೆನಾ ನಡಿಯಂಗಿಲ್ರಿ. ಕಟ್ಟಡಕ್ಕ ಕೂಡಿದ್ದ ಶಿಖರ ಇದ್ರ ನಡೀತೈತಿ. ಇದರ ಸಲುವಾಗಿ ದೊಡ್ಡ ದೊಡ್ಡ ದೇಶದಾಗ ಜಗಳ ಆಗ್ಯಾವು.”

“ಹಂಗಾರ ಶಿಖರ ಕೂಡಸ್ರಿ! ಗವಂಡಿ ನಿಮ್ಮ ಮನಿಯಾಂವನ ಅದಾನಲ್ಲ!”

ಮೆಟ್ಟಿಲಿನ ಕೋಣೆಯ ನೆತ್ತಿಯ ಮೇಲೆ ಸಿಮೆಂಟಿನ ಕಳಸ ಕೂಡಿಸಿದೆ. ಇಂದಿಗೂ ಪೇಟೆಗೆ ಬಂದವರು ತಲೆ ಎತ್ತಿ ನೋಡುತ್ತಾರೆ. ನೋಡುವಂಥದೇ ಇದೆ.

ಅಳತೆಗೆ ಸಂತೆಯ ದಿನ ಗೊತ್ತಾಯಿತು. ಅಂದು ನನ್ನ ಆಳುಗಳಿಗೆ ಸೂಟಿ, ಕೆಲಸ ಇರುವುದಿಲ್ಲ. ಕಾಕಾ ಸ್ಟೋರಿನಿಂದ ಕಾಲುವೆ ಅಳೆಯುವ ಉದ್ದನೆಯ ಟೇಪು ತಂದ. ಕೆಳಗೆ ಎಲ್ಲಿಂದ ಅಳೆಯಬೇಕು? ಜನ ಓಡಾಡುವ ಬಾಗಿಲುಗಳಲ್ಲಿ ಎಲ್ಲಕ್ಕೂ ತಗ್ಗಿನದು ಯಾವುದೋ ಅಲ್ಲಿಂದ ಎನ್ನುತ್ತಿತ್ತು ನಿಯಮ. ಮುಂಬಾಗಿಲು ಎತ್ತರದ ಕಟ್ಟೆಯ ಮೇಲಿತ್ತು. ಕಾಕಾ ಹಿತ್ತಲಿಗೆ ಹೋಗಿ ಕೊಟ್ಟಿಗೆಯ ಬಾಗಿಲು ಹಿಡಿದ.

“ಅದು ಎಮ್ಮಿ ಬಾಗಲರೀ!” ಎಂದರು ಸಾಹುಕಾರರು.

ಕಾಕಾನ ಮುಖ ಇಳಿಯಿತು. “ಜನಾ ಅಡ್ಡಾಡಬೇಕ್ರಿ. ಎಮ್ಮಿ ನಡಿಯಂಗಿಲ್ಲ.”

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಸೆಗಣಿ ಕೈಯಲ್ಲೇ ಹೊರಗೆ ಬಂದರು. “ದಿನಾ ಎರಡೂ ಹೊತ್ತು ಹಿಂಡಾಕ ನಾ ಇಲ್ಲೇ ಅಡ್ಡಾಡತೇನಿ. ನಾ ಜನಾ ಅಲ್ಲೇನ್ರಿ?”

ಎಮ್ಮೆಯ ಬಾಗಿಲು ಮಂಜೂರಾಯಿತು!

ಕಾಕಾ ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಟೇಪಿನ ಸೊನ್ನೆಯ ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದ. ಮೇಲಿನ ತುದಿ ಯಾವಾಗಲೂ ನನ್ನದು. ಕಾರಣ ನಿಮಗೆ ಗೊತ್ತೇ ಇದೆ.

“ಸೊನ್ನಿ ಅಳ್ಳಾಡಬಾರದು ನೋಡ ತಮ್ಮಾ. ಸೊನ್ನಿ ಅಳ್ಳಾಡಿದ್ರ ಎಲ್ಲಾ ಸುಳ್ಳ ಆಗತೈತಿ. ನಾ ಸತ್ರೂ ಬಿಡಂಗಿಲ್ಲ, ನೀ ಹತ್ತು.”

ಹತ್ತಿದೆ. ಕಳಸದ ತುದಿ ಮುಟ್ಟಲು ಗೋಡೆಗಳ ಮೇಲೆ ಅಡ್ಡ ಹಾಕಿದ್ದ ಹಲಗೆಯ ಮೇಲೆ ನಿಂತೆ. ಹಲಗೆ ಜಾರಿತು. ಗೋಡೆ ನನ್ನದು, ಹಲಗೆ ಸಾಹುಕಾರರದು! ಕೆಳಗಿನ ಮಾಳಿಗೆಯ ಗಚ್ಚಿನ ನೆಲದ ಮೇಲೆ ಬಿದ್ದೆ, ಕಾಲು ಮೈಯಡಿ ಮಡಚಿಕೊಂಡಿತು. ನನ್ನಂಥ ಗವಂಡಿಯ ಬಾಯಿಂದ ಬರಬಾರದ ದನಿಯೊಂದು ಬಂತು.

ಮೆಟ್ಟಿಲುಗಳಿಗೆ ಇನ್ನೂ ಕೈಯಾಸರೆಯ ಕಠಡಾ ಹಚ್ಚಿರಲಿಲ್ಲ. ಒಂದು ಮಗ್ಗಲು ಬಯಲು. ಕೆಳಗೆ ನೋಡಿದರೆ ನೇರ ನೆಲ. ನನ್ನ ಆಳುಗಳೇ ಗೋಡೆ ಸವರಿಕೊಂಡು ಏರುತ್ತಿದ್ದರು. ಯಾರೋ ದಡದಡ ಹತ್ತಿಬರುವ ಸಪ್ಪಳ ಕೇಳಿದಾಗ ಸಾಹುಕಾರರ ಹಮಾಲ ಇರಬೇಕು ಎಂದುಕೊಂಡೆ.

ಕಾಕಾ! ಧೋತರ ಮೇಲೆ ಕಟ್ಟಿದ್ದ. ಗೋಡೆಗೆ ಹತ್ತಿಕೊಂಡು ಬಂದದ್ದಕ್ಕೆ ಒಂದು ಭುಜವೆಲ್ಲ ಸುಣ್ಣ. ಕಣ್ಣು ಮುಚ್ಚಿರಲಿಲ್ಲ.

“ತಲಿಗೇನರ ಬಡದೈತೇನೋ?”

“ಇಲ್ಲೋ ಕಾಕಾ, ಕಾಲಿಗೆ.”

ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಆಮೇಲೆ ತಲೆ ಎತ್ತಿದ. ಊರೆಲ್ಲ ಕೆಳಗಿತ್ತು. ಆಗ ನೋಡಿ ಅವನ ಮೈ ನಡುಗತೊಡಗಿತು. ನನ್ನನ್ನು ಇಳಿಸಲು ಇಬ್ಬರು ಹಮಾಲರು ಸಾಕಾದರು, ಕಾಕಾನನ್ನು ಇಳಿಸಲು ನಾಲ್ವರು ಬೇಕಾದರು. ಅದು ಆಮೇಲಿನ ಮಾತು. ಅವರು ಬರುವುದಕ್ಕೆ ಮೊದಲು ನಾನು ಅವನ ಮುಷ್ಟಿ ನೋಡಿದೆ. ಸೊನ್ನೆಯ ತುದಿ ಅದರೊಳಗೇ ಇತ್ತು. ಹೇಳಿದಂತೆ ಬಿಟ್ಟಿರಲಿಲ್ಲ, ಹಿಡಿದುಕೊಂಡೇ ಹತ್ತಿಬಂದಿದ್ದ. ಇನ್ನೊಂದು ತುದಿ ನನ್ನ ಕೈಯಲ್ಲಿ. ಎರಡರ ನಡುವೆ ಒಂದು ಗೇಣೂ ಇರಲಿಲ್ಲ.

“ಸೊನ್ನಿ ಇಲ್ಲೇ ತಂದೀಯಲ್ಲೋ ಕಾಕಾ,” ಎಂದೆ. “ಇನ್ನ ಸಂಘಕ್ಕ ಏನಂತ ಬರೀತಿ?”

ಕಾಕಾ ಮುಷ್ಟಿ ಬಿಚ್ಚಿ ನೋಡಿದ. ಟೇಪು ಸರ್ರನೆ ಜಾರಿ ಮೆಟ್ಟಿಲ ಗುಂಟ ಕೆಳಗೆ ಹೋಯಿತು. ಖಾಲಿಯಾದ ಆ ಕೈಯನ್ನು ನನ್ನ ಹಿಮ್ಮಡಿಯ ಕೆಳಗೆ ಇಟ್ಟ.

“ಸುಡ್ಲಿ ಸಂಘ. ನೀ ಕಾಲ ಅಳ್ಳಾಡಸಬ್ಯಾಡ.”