ಬೆಂಡೆಯ ಲೋಳೆ ಮತ್ತು ನನ್ನ ಪರೋಪಕಾರ

ಬೆಂಡೆಕಾಯಿ ಪಲ್ಯವನ್ನು ಲೋಳೆ ಇಲ್ಲದಂತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ನನ್ನ ಮಾತಲ್ಲ. ಅಬುಧಾಬಿಯಿಂದ ದೂರದ ರುವೈಸಿನ ಕಂಪನಿ ಕ್ವಾರ್ಟರ್ಸಿನಲ್ಲಿ ನಾನು ಬ್ಯಾಚುಲರ್ ಆಗಿದ್ದಾಗ ಜೊತೆಯಲ್ಲಿದ್ದ ಗೆಳೆಯರು ಕೊಟ್ಟ ಸರ್ಟಿಫಿಕೇಟು. ಅವರಿಗೆ ಬೇರೆ ಊಟ ಸಿಗುತ್ತಿರಲಿಲ್ಲ ಎಂಬುದು ಬೇರೆ ವಿಷಯ. ಮದುವೆಯಾಗಿ ಅಬುಧಾಬಿಯ ಖಲೀಫಾ ಸಿಟಿಗೆ ಬಂದ ಮೇಲೆ ಹೆಂಡತಿ ಶಾಲಿನಿ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಒಂದು ಮಹಾನ್ ಪ್ರತಿಭೆ ಹೀಗೆ ಮೂಲೆಗುಂಪಾಗಿತ್ತು!

ಅದಕ್ಕೆ ಬಿಡುಗಡೆಯ ದಾರಿ ತೋರಿಸಿದವರು ಪಕ್ಕದ ಮನೆಯ ಅಬೆನಾ. ಒಂದೇ ವಿಲ್ಲಾವನ್ನು ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರಿಂದ ನಮಗೂ ಅವರಿಗೂ ಅಂಗಳ ಒಂದೇ. ಅಬೆನಾ ವೃತ್ತಿಯಲ್ಲಿ ಶೆಫ್. ಮೂಲ ಘಾನಾ, ಹುಟ್ಟಿದ್ದು ಜಮೈಕಾ, ಕೆಲಸ ಕಲಿತದ್ದು ಅಮೆರಿಕದಲ್ಲಿ. ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ಒಯ್ದ ಜನ ಹೋದ ಹೋದ ದೇಶದಲ್ಲಿ ತಮ್ಮ ಅಡುಗೆಯನ್ನು ಹೇಗೆ ಉಳಿಸಿಕೊಂಡರು ಎಂದು ಹುಡುಕುವುದು, ಅದನ್ನು ಕಲಿಯುವುದು, ಬಡಿಸುವುದು, ಇದೇ ಅವರ ಜೀವನ. ಆದರೆ ಇಲ್ಲಿ ಅವರಿಗೆ ಸಂಬಳ ಬರುತ್ತಿದ್ದದ್ದು ಪಾಸ್ತಾ ಬೇಯಿಸಿದ್ದಕ್ಕೆ.

ಒಂದು ಶನಿವಾರ ಒಬ್ಬ ಹೋಟೆಲ್ ಮಾಲೀಕರು ಅಬೆನಾ ಅವರ ಮನೆಗೆ ಸಂಜೆಯ ಊಟಕ್ಕೆ ಬರುವವರಿದ್ದರು. ಊಟ ಹಿಡಿಸಿದರೆ ದುಬೈಯಲ್ಲಿ ಅಬೆನಾಗೆ ಅವರದೇ ಆದ ರೆಸ್ಟೋರೆಂಟು. ಹಿಡಿಸದಿದ್ದರೆ ಮತ್ತೆ ಪಾಸ್ತಾ. ಮುಖ್ಯ ಅಡುಗೆ ಗಂಬೊ. ಸೀಗಡಿ, ಏಡಿ, ಬೆಂಡೆಕಾಯಿ ಹಾಕಿ ಮಾಡುವ ಗಟ್ಟಿ ಸಾರು. ಸಹಾಯಕಿಗೆ ಜ್ವರ ಬಂದು ಅಬೆನಾ ಒಬ್ಬರೇ ಒದ್ದಾಡುತ್ತಿದ್ದರು. ಶಾಲಿನಿಯನ್ನು ಕರೆಯಲು ಬಂದರೆ ಅವಳು ಮಗಳ ಟ್ಯೂಷನ್ನಿಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ನಾನು!

ಒಂದು ದೊಡ್ಡ ಬೋಗುಣಿ ತುಂಬ ಬೆಂಡೆಕಾಯಿ ಕೊಟ್ಟು, ಹೆಚ್ಚಿ ಕೊಟ್ಟರೆ ಸಾಕು ಎಂದರು. ಬೆಂಡೆಕಾಯಿ ಎಂದರೆ ನಮ್ಮ ಊರಿನದೇ ತರಕಾರಿ, ನೀವು ನಿಶ್ಚಿಂತೆಯಿಂದಿರಿ ಎಂದು ನಾನು ಧೈರ್ಯ ಹೇಳಿದೆ. ಅದು ಆಫ್ರಿಕಾದಿಂದ ಬಂದದ್ದೆಂದೂ, ಗಂಬೊ ಎಂಬ ಹೆಸರೇ ಆಫ್ರಿಕಾದ ಕಡೆ ಬೆಂಡೆಗಿರುವ ಹೆಸರೆಂದೂ ಅಬೆನಾ ಮೆತ್ತಗೆ ತಿಳಿಸಿದರು. ನಾನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡೆ.

ಬರೀ ಹೆಚ್ಚಿ ಕೊಡಲು ನಾನೇನು ಸಾಮಾನ್ಯ ಮನುಷ್ಯನೇ? ಹೊಸ ಬೈರಾಸು ತೆಗೆದು ಒಂದೊಂದೇ ಬೆಂಡೆಯನ್ನು ಮಗುವಿನ ಮೈ ಒರೆಸಿದಂತೆ ಒರೆಸಿದೆ. ಹೆಚ್ಚಿದೆ. ಹೆಚ್ಚಿದ ಕೂಡಲೇ ಲೋಳೆ ಕಂಡಿತು. ಪಾಪ, ಇದನ್ನು ಹೀಗೇ ಸಾರಿಗೆ ಹಾಕಿದರೆ ಅವರ ರೆಸ್ಟೋರೆಂಟಿನ ಗತಿ? ಶಾಲಿನಿ ಇಲ್ಲದ ಧೈರ್ಯದಲ್ಲಿ ನಮ್ಮ ಅಡುಗೆಮನೆಗೆ ನುಗ್ಗಿ, ಹುಣಸೆ ರಸ ಚಿಮುಕಿಸಿ, ತೆಂಗಿನೆಣ್ಣೆಯಲ್ಲಿ ಲೋಳೆಯ ಕೊನೆಯ ಎಳೆ ಸಾಯುವ ತನಕ ಹುರಿದೆ. ತಟ್ಟೆಯಲ್ಲಿ ಹಿಡಿದು ಅಲುಗಾಡಿಸಿದರೆ ಗಲಗಲ ಎಂದಿತು. ಕಣ್ಣಲ್ಲಿ ನೀರು ಬಂತು.

ಒಯ್ದು ಕೊಟ್ಟಾಗ ಅಬೆನಾ ತಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. "ಇದರ ಲೋಳೆ ಎಲ್ಲಿ?" ಎಂದರು.

"ಖಲಾಸ್," ಎಂದೆ ಹೆಮ್ಮೆಯಿಂದ.

ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಗಂಬೊ ಗಟ್ಟಿಯಾಗುವುದೇ ಆ ಲೋಳೆಯಿಂದ ಎಂಬುದು ನನಗೆ ಆಗ ತಿಳಿಯಿತು. ನಾನು ಅದರ ಪ್ರಾಣವನ್ನೇ ತೆಗೆದಿದ್ದೆ.

ತಪ್ಪನ್ನು ತಿದ್ದಲು ಗ್ರೋಸರಿಗೆ ಓಡಿದೆ. ಅವಸರದಲ್ಲಿ ತುದಿ ಮುರಿದು ನೋಡದೆ, ಇದ್ದುದರಲ್ಲಿ ಉದ್ದಕ್ಕೆ, ದಪ್ಪಕ್ಕೆ, ಗಂಭೀರವಾಗಿ ಕಂಡ ಬೆಂಡೆಗಳನ್ನೇ ಆರಿಸಿ ತಂದೆ. ಚಾಕು ಹಾಕಿದರೆ ಚಾಕುವೇ ಹಿಂದೆ ಬಂತು. ಲೋಳೆ ಹೋಗಲಿ, ಪಸೆಯೂ ಇಲ್ಲ. ಹಾಗಾದರೆ ಸ್ವಲ್ಪ ಅಕ್ಕಿಹಿಟ್ಟು ಕದಡಿ ಹಾಕಿದರೆ ಹೇಗೆ ಎಂದು ಕೇಳಿದೆ. ಅಬೆನಾ ಸಾರಿನ ಪಾತ್ರೆಯನ್ನು ನನ್ನಿಂದ ದೂರಕ್ಕೆ ಸರಿಸಿದರು.

ಅಷ್ಟರಲ್ಲಿ ಶಾಲಿನಿ ಮಗಳೊಂದಿಗೆ ಬಂದಳು. ನೀರಾದ ಸಾರು, ಗಲಗಲ ಎನ್ನುವ ಬೆಂಡೆ, ಅಬೆನಾ ಅವರ ಮುಖ, ಮೂರನ್ನೂ ನೋಡಿದಳು.

"ಎಂತ ಮಾಡಿದ್ದು ಮಾರಾಯ್ರೆ ನೀವು?"

"ಸಹಾಯ," ಎಂದೆ.

"ಪಪ್ಪ, ಪ್ಲೀಸ್ ಡೋಂಟ್ ಹೆಲ್ಪ್," ಎಂದಳು ಮಗಳು.

ನಮ್ಮ ಅಂಗಳದ ಸಾಲು ಕುಂಡಗಳಲ್ಲಿ ಒಂದರಲ್ಲಿ ಶಾಲಿನಿಯ ಬಸಳೆ ಬಳ್ಳಿ ಇತ್ತು. ಉಡುಪಿಯಿಂದ ಅತ್ತೆ ಒದ್ದೆ ಪೇಪರಿನಲ್ಲಿ ಸುತ್ತಿ ತಂದ ಒಂದು ತುಂಡು ದಂಟು, ಎರಡು ಬೇಸಿಗೆ ದಾಟಿ ಚಪ್ಪರಕ್ಕೆ ಹಬ್ಬಿತ್ತು. ಮರುದಿನ ಸೀಗಡಿ ಹಾಕಿ ಬಸಳೆ ಪದಾರ್ಥ ಮಾಡುವುದೆಂದು ವಾರದಿಂದ ನಾನು ಬಾಯಲ್ಲಿ ನೀರೂರಿಸಿಕೊಂಡಿದ್ದೆ. ಶಾಲಿನಿ ಕತ್ತರಿ ಹಿಡಿದು ಹೋದಳು. ಒಂದು ಎಲೆಯನ್ನೂ ಉಳಿಸದೆ ಬಳ್ಳಿಯನ್ನು ಬುಡದವರೆಗೆ ಕತ್ತರಿಸಿ, ಮಡಿಲು ತುಂಬ ತಂದು ಅಬೆನಾ ಅವರ ಮುಂದೆ ಸುರಿದಳು. "ಇದರಲ್ಲಿ ಬೇಕಾದಷ್ಟು ಲೋಳೆ ಉಂಟು," ಎಂದಳು.

ಅಬೆನಾ ಒಂದು ಎಲೆ ಮುರಿದು ಬೆರಳಿನಲ್ಲಿ ಉಜ್ಜಿದರು. ಅಜ್ಜಿಯ ಮನೆಯ ಬೇಲಿಯಲ್ಲಿ ಇದೇ ಬಳ್ಳಿ ಇತ್ತು ಎಂದರು. ಆಮೇಲೆ ಶಾಲಿನಿಯನ್ನು ತಬ್ಬಿಕೊಂಡು ಅತ್ತರು. ನಾನೂ ಬೈರಾಸಿನಿಂದ ಕಣ್ಣೊರೆಸಿಕೊಂಡೆ. ಸ್ವಲ್ಪ ಅವರಿಗಾಗಿ, ಸ್ವಲ್ಪ ಮರುದಿನದ ಪದಾರ್ಥಕ್ಕಾಗಿ.

ಹೋಟೆಲ್ ಮಾಲೀಕರು ಗಂಬೊವನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಕೊನೆಗೆ ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ತಿಂದರಂತೆ. ಈಗ ದುಬೈಯಲ್ಲಿ ಅಬೆನಾ ಅವರ ರೆಸ್ಟೋರೆಂಟು ನಡೆಯುತ್ತಿದೆ. ಮೆನುವಿನಲ್ಲಿ 'ಶಾಲಿನಿ ಗಂಬೊ' ಎಂದೇ ಒಂದು ಅಡುಗೆ ಇದೆ. ಉದ್ಘಾಟನೆಯ ದಿನ ಶಾಲಿನಿಯನ್ನು ಕೈಹಿಡಿದು ಅಡುಗೆಮನೆಗೆ ಕರೆದೊಯ್ದರು. ನನಗೆ ಬಹಳ ಗೌರವದಿಂದ ಅಡುಗೆಮನೆಗೆ ಅತಿ ದೂರದ ಕುರ್ಚಿ ಕೊಟ್ಟರು. ಆ ಶನಿವಾರ ಹುರಿದ ಬೆಂಡೆಯನ್ನು ಮುಂದಿನ ವಾರವಿಡೀ ಆಫೀಸಿನ ಡಬ್ಬಿಯಲ್ಲಿ ನಾನೊಬ್ಬನೇ ತಿಂದು ಮುಗಿಸಿದೆ.

ಪ್ರಾಯಶ್ಚಿತ್ತವಾಗಿ ಬಸಳೆಯ ಬುಡಕ್ಕೆ ದಿನವೂ ನೀರು ಹಾಕುವ ಹೊಣೆಯನ್ನು ನಾನೇ ಕೇಳಿ ಹೊತ್ತುಕೊಂಡೆ. ಚಿಗುರು ಬಂತು. ಎಲೆ ಬಂತು. ಮೊನ್ನೆ ಸೀಗಡಿಯನ್ನೂ ತಂದಿಟ್ಟು, ಶಾಲಿನಿಯನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿದಳು.

"ಇದು ಕಳೆ ಮಾರಾಯ್ರೆ," ಎಂದಳು. "ಬಸಳೆಯ ಕುಂಡ ಆಚೆಯದ್ದು. ಅದಕ್ಕೆ ನಾನು ನೀರು ಹಾಕ್ತಾ ಇದ್ದೇನೆ."